ಒಂಟೆಯ ಡುಬ್ಬದ ನೀರು

ಜುಲೈ 9, ಬುಧವಾರ
ಮಧ್ಯಾಹ್ನ, ಆಫೀಸಿನ ಕಟಿಂಗ್ಸ್ ರೂಮಿನಿಂದ

ಪ್ರೀತಿಯ ಯಾಕಮ್ಮನಿಗೆ,

ಅಪ್ಪನ ಆಶೀರ್ವಾದಗಳು. ಎರಡು ಭಾನುವಾರ ನೀನು ಫೋನ್ ಮಾಡಿದಾಗಲೂ ನಾನು ಸಿಗಲಿಲ್ಲ. ಮೊದಲ ವಾರ ಸ್ನಾನಕ್ಕೆ ಹೋಗಿದ್ದಾರೆ ಎಂದು, ಎರಡನೆಯ ವಾರ ಮಲಗಿದ್ದಾರೆ ಎಂದು ನಿನ್ನಮ್ಮನ ಬಾಯಲ್ಲಿ ಸುಳ್ಳು ಹೇಳಿಸಿದೆ. ಮೂರನೆಯ ಸುಳ್ಳನ್ನು ನೀವೇ ಹೇಳಿಕೊಳ್ಳಿ ಎಂದು ಅವಳು ಕೈತೊಳೆದುಕೊಂಡಿದ್ದಾಳೆ. ಹಾಗಾಗಿ ಈ ಕಾಗದ. ತಡವಾಯಿತೆಂದು ಮುನಿಸಿಕೊಳ್ಳಬೇಡ.

ಅಮ್ಮನ ಮಂಡಿನೋವು ಪರವಾಗಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ನನ್ನನ್ನು ಬೈಯುತ್ತಾಳೆ, ಮೆಟ್ಟಿಲು ನಾನೇ ಕಟ್ಟಿಸಿದವನ ಹಾಗೆ. ನನ್ನ ಕಾಯಿಲೆ ಬೇರೆ. ನನಗೆ ಹೊಟ್ಟೆಕಿಚ್ಚು. ಅರವತ್ತರ ಹತ್ತಿರ ಬಂದ ಮನುಷ್ಯ ಹೇಳಿಕೊಳ್ಳುವ ಮಾತಲ್ಲ, ಆದರೆ ಬೇರೆ ಹೆಸರಿಟ್ಟರೆ ಅದೇನೂ ತಣ್ಣಗಾಗುವುದಿಲ್ಲ.

ನನ್ನ ರೂಮು ನೀನು ನೋಡಿದ್ದೀಯಲ್ಲ. ಮೂವತ್ತೊಂದು ವರ್ಷ ಪತ್ರಿಕೆಯ ಸುದ್ದಿಗಳನ್ನು ಕತ್ತರಿಸಿ, ಅಂಟಿಸಿ, ವಿಷಯದ ಪ್ರಕಾರ ಕವರುಗಳಲ್ಲಿ ಜೋಡಿಸಿದ್ದೇನೆ. ಅಣೆಕಟ್ಟಿನ ಎತ್ತರವೇ ಬೇಕಾಗಲಿ, ಹಳೆಯ ರೈಲು ಅಪಘಾತದ ತಾರೀಖೇ ಬೇಕಾಗಲಿ, ಸಂಪಾದಕರೂ ಮೆಟ್ಟಿಲಿಳಿದು ನನ್ನ ಬಳಿಗೇ ಬರಬೇಕಿತ್ತು. ಈಗ ಯಾರೂ ಇಳಿಯುವುದಿಲ್ಲ. ಸಾರ್ವಜನಿಕ ಲೈಬ್ರರಿಯವರು ವಿಶ್ವಕೋಶ, ನಿಘಂಟು, ಹಳೆಯ ಪತ್ರಿಕೆ, ವಿಜ್ಞಾನದ ಲೇಖನ ಎಲ್ಲವನ್ನೂ ಆನ್‌ಲೈನಿನಲ್ಲಿ ಪುಕ್ಕಟೆ ತೆರೆದಿಟ್ಟಿದ್ದಾರೆ. ಕಾರ್ಡಿನ ನಂಬರು ಒತ್ತಿದರೆ ಸಾಕಂತೆ. ಹೋದ ತಿಂಗಳು ಕ್ರೀಡಾ ವರದಿಗಾರ ನನ್ನ ಬಾಗಿಲಿಗೆ ಬಂದ. ಖುಷಿಯಿಂದ ಎದ್ದು ನಿಂತೆ. ಅವನಿಗೆ ಬೇಕಾಗಿದ್ದದ್ದು ನನ್ನ ಕತ್ತರಿ, ಯಾವುದೋ ಪಾರ್ಸೆಲ್ ಬಿಚ್ಚುವುದಕ್ಕೆ.

ಅದನ್ನೂ ನುಂಗಿಕೊಂಡೆ. ನನಗೆ ಭಾನುವಾರವಿತ್ತಲ್ಲ. ನೀನು ಟೀಚರಾದ ಎಂಟು ವರ್ಷದಿಂದಲೂ ಹತ್ತು ಗಂಟೆಗೆ ಸರಿಯಾಗಿ ನಿನ್ನ ಫೋನು. ಕ್ಲಾಸಿನಲ್ಲಿ ಮಕ್ಕಳು ಹೀಗೆ ಕೇಳಿದರು, ನನಗೆ ಹೊಳೆಯಲಿಲ್ಲ ಅನ್ನುತ್ತಿದ್ದೆ. ನಾನು ಗಂಟಲು ಸರಿಮಾಡಿಕೊಳ್ಳುವುದು ಕೇಳಿದರೆ ಸಾಕು, ಅಮ್ಮ ಭಾಷಣ ಶುರುವಾಯಿತೆಂದು ರೇಡಿಯೋ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಇಡೀ ವಾರ ನಾನು ಬದುಕುತ್ತಿದ್ದದ್ದೇ ಆ ಅರ್ಧ ಗಂಟೆಗೆ.

ಆಮೇಲೆ ಆ ಜೇನುನೊಣದ ಭಾನುವಾರ. ಅದರ ಆಯಸ್ಸೆಷ್ಟು ಎಂದು ನೀನು ಕೇಳಿದೆ. ಕವರು ನೋಡಿ ನಾಳೆ ಹೇಳುತ್ತೇನೆ ಅಂದೆ ನಾನು. ನೀನು ಎಷ್ಟು ಹಗುರವಾಗಿ ಹೇಳಿಬಿಟ್ಟೆ: "ಯಾಕಪ್ಪಾ ಅಷ್ಟು ಕಷ್ಟ? ನನ್ನ ಲೈಬ್ರರಿ ಕಾರ್ಡಿನ ನಂಬರ್ ಕೊಡ್ತೀನಿ, ಅದ್ರಲ್ಲೇ ನೋಡ್ಕೊಳ್ಳಿ."

ನಂಬರು ಬರೆದುಕೊಂಡೆ. ಆದರೆ ಆ ದಿನ ಊಟ ಸೇರಲಿಲ್ಲ. ಅಮ್ಮ ನನ್ನ ಮುಖ ನೋಡಿ, "ನಂಗೆ ಸವತಿ ಬಂದಿದ್ರೂ ನಾನು ಇಷ್ಟು ಉರ್ಕೊತಿರ್ಲಿಲ್ಲ ಬಿಡಿ" ಅಂದಳು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಲೈಬ್ರರಿಗೆ ಹೋದೆ. ಕಲಿಯುವುದಕ್ಕಲ್ಲ, ಅದರ ಹುಳುಕು ಹಿಡಿಯುವುದಕ್ಕೆ. ಕೌಂಟರಿನ ಹೆಂಗಸು ಕಿಟಕಿಯ ಪಕ್ಕದ ಕಂಪ್ಯೂಟರಿಗೆ ಕೂರಿಸಿ, ನಿನ್ನ ನಂಬರು ಹಾಕಿಸಿ, ಸಹಾಯ ಬೇಕಿದ್ದರೆ ಕರೆಯಿರಿ ಅಂದರು. ನನಗೆ ಕರತಲಾಮಲಕವಾದ ಪ್ರಶ್ನೆಗಳನ್ನೇ ಒಂದೊಂದಾಗಿ ಹಾಕಿದೆ. ಕೋಪವಿಲ್ಲ, ಕೆಮ್ಮಿಲ್ಲ, ನಾಳೆ ಬಾ ಎನ್ನುವುದಿಲ್ಲ. ಎಲ್ಲದಕ್ಕೂ ಉತ್ತರವಿತ್ತು, ಯಾರು ಬರೆದದ್ದು ಯಾವಾಗ ಬರೆದದ್ದು ಎಂಬ ವಿವರದ ಸಮೇತ. ಮೈಯೆಲ್ಲ ಉರಿಯಿತು.

ಕಡೆಗೆ ಒಂದು ಗೆಲುವಾದರೂ ಇರಲಿ ಎಂದು ಒಂಟೆಯ ವಿಷಯ ಕೇಳಿದೆ. ನಿನಗೆ ನೆನಪಿರಬೇಕು. ನಿನಗಾಗ ಒಂಬತ್ತು ವರ್ಷ. ಶಾಲೆಯ ಸಾಮಾನ್ಯಜ್ಞಾನ ಸ್ಪರ್ಧೆಯಲ್ಲಿ ಒಂಟೆಯ ಡುಬ್ಬದಲ್ಲಿ ನೀರಿರುತ್ತದೆ ಎಂದು ನಾನು ಹೇಳಿಕೊಟ್ಟಿದ್ದನ್ನೇ ನೀನು ಬರೆದಿದ್ದೆ, ಮೇಷ್ಟ್ರು ತಪ್ಪು ಹಾಕಿದ್ದರು. ನಾನು ನಮ್ಮದೇ ಪತ್ರಿಕೆಯ ಕಟಿಂಗ್ ಹಿಡಿದುಕೊಂಡು ಹೋಗಿ ಸ್ಟಾಫ್ ರೂಮಿನಲ್ಲೇ ಜಗಳ ಕಾದಿದ್ದೆ. ಅಚ್ಚಾದ ಕಾಗದ ನೋಡಿ ಪಾಪ, ಅವರು ಅಂಕ ಕೊಟ್ಟರು. ಮೊದಲ ಬಹುಮಾನ ನಿನಗೆ ಬಂತು.

ಡುಬ್ಬದಲ್ಲಿರುವುದು ನೀರಲ್ಲವಂತೆ ಮಗಳೇ, ಕೊಬ್ಬಂತೆ. ನಾಲ್ಕು ಕಡೆ ನೋಡಿದೆ, ನಾಲ್ಕೂ ಕಡೆ ಅದೇ ಇತ್ತು. ಅಮ್ಮನಿಗೆ ಹೇಳಿದರೆ, ಕೊಬ್ಬು ಒಂಟೆಗೊಂದೇ ಇರುವುದಲ್ಲ ಅಂದಳು. ನಿನ್ನ ಬೆಂಚಿನಲ್ಲೇ ಕೂರುತ್ತಿದ್ದ ಆ ಎರಡು ಜಡೆಯ ಹುಡುಗಿ ಕೊಬ್ಬು ಎಂದೇ ಬರೆದಿದ್ದಳು, ಎರಡನೆಯ ಬಹುಮಾನ ಹಿಡಿದುಕೊಂಡು ಅತ್ತಿದ್ದಳು. ಅವಳೆಲ್ಲಿದ್ದಾಳೆಂದು ಗೊತ್ತಿದ್ದರೆ ನನ್ನ ಪರವಾಗಿ ಕ್ಷಮೆ ಕೇಳು.

ಇರಲಿ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು, ಗಂಟಲು ಹರಿದುಕೊಂಡು ಪಾಠ ಮಾಡಬೇಡ. ನಿನ್ನ ಕ್ಲಾಸಿನ ಮಕ್ಕಳು ನಿನ್ನಷ್ಟೇ 'ಯಾಕೆ, ಯಾಕೆ' ಎಂದು ಪೀಡಿಸಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ.: ಕವರು ಅಂಟಿಸಿದವನು ಮತ್ತೆ ಬಿಚ್ಚಿದೆ. ಬರೀ ಒಂಟೆಗಾಗಿ ಎರಡು ವಾರ ನಿನ್ನ ಫೋನ್ ಎತ್ತದೆ ಇರುವವನಲ್ಲ ನಾನು.

ನಿನ್ನ ಕಾರ್ಡಿನಲ್ಲಿ ಒಳಗೆ ಹೋಗಿದ್ದೆನಲ್ಲ, ಪರದೆಯ ಒಂದು ಬದಿಗೆ 'ನಿಮ್ಮ ಹಿಂದಿನ ಹುಡುಕಾಟಗಳು' ಎಂದಿತ್ತು. ಒತ್ತಿದೆ. ನಂಬರು ಕೊಡುವಾಗ ನಿನಗೆ ಆ ಪಟ್ಟಿಯ ನೆನಪಿರಲಿಲ್ಲವೇನೋ. ನೀನು ಮೊಟ್ಟಮೊದಲು ಹುಡುಕಿದ್ದು ಒಂಟೆಯ ಡುಬ್ಬ, ಎಂಟು ವರ್ಷದ ಹಿಂದೆ. ಅಲ್ಲಿಂದ ಜೇನುನೊಣದವರೆಗೆ ಭಾನುವಾರ ನೀನು ನನ್ನನ್ನು ಕೇಳಿದ ಪ್ರಶ್ನೆಗಳೆಲ್ಲ ಸಾಲಾಗಿದ್ದವು. ಪ್ರತಿಯೊಂದರ ಮುಂದೆಯೂ ಹಿಂದಿನ ದಿನದ, ಶನಿವಾರದ ತಾರೀಖು.

ಕೆಲವಕ್ಕೆ ನಾನು ತಪ್ಪು ಹೇಳಿದ್ದೆನೆಂದು ಅಲ್ಲೇ ಕೂತು ತಿಳಿದುಕೊಂಡೆ. ಆಗಲೂ ನೀನು "ಹೌದಾ ಅಪ್ಪಾ, ಸದ್ಯ ಗೊತ್ತಾಯ್ತು" ಅಂದಿದ್ದೆ. ಊರ ಮಕ್ಕಳ ತಪ್ಪಿಗೆಲ್ಲ ಕೆಂಪು ಶಾಯಿ ಹಾಕುವವಳು ನನ್ನದೊಂದನ್ನು ಬಿಟ್ಟುಬಿಟ್ಟೆ. ನಿನ್ನ ಮೇಲೆ ಕೋಪವಿಲ್ಲ. ಹೊಟ್ಟೆಕಿಚ್ಚು ಮಾತ್ರ ಆರಿಲ್ಲ. ಆ ಲೈಬ್ರರಿಗೆ ನನಗಿಂತ ಹೆಚ್ಚು ಗೊತ್ತಿದೆ ಎಂದಲ್ಲ. ನಿನಗೆ ನಿಜವಾಗಿ ಗೊತ್ತಿಲ್ಲದಿದ್ದಾಗಲೆಲ್ಲ ನೀನು ಹೋಗಿ ಕೇಳಿದ್ದು ಅದನ್ನು.

ಈ ಭಾನುವಾರ ಫೋನ್ ನಾನೇ ಎತ್ತುತ್ತೇನೆ. ಶನಿವಾರ ಅದನ್ನು ತೆರೆಯಬೇಡ. ಉತ್ತರ ನನಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಹಾಗೆ ಹೇಳಿ ಅಭ್ಯಾಸವಿಲ್ಲ, ಸ್ವಲ್ಪ ತೊದಲಿದರೆ ಕಾಯು.