ಮೇಷ್ಟ್ರುಗಳಿಗೆ ಜಡಿದ ಬೀಗ

ಜೂನ್ 3

ಬೆಳಗ್ಗೆಯೆಲ್ಲ ಸ್ಟೋರಿನಲ್ಲಿ ಕೂತು ಭೂತಗನ್ನಡಿ ಒರೆಸಿ ಡಬ್ಬಿಗೆ ತುಂಬಿದ್ದು. ಶಾಲೆಗಳಿಗೆ ಹೋಗುವ ವಿಜ್ಞಾನದ ಡಬ್ಬಿಗಳು. ನಾನು ತುಂಬಿದ್ದರಲ್ಲಿ ಇದುವರೆಗೆ ಒಂದು ಗಾಜೂ ಒಡೆದಿಲ್ಲ. ಒಡೆದದ್ದೆಲ್ಲ ಲಾರಿಯವರು ಒಡೆದದ್ದು.

ಮಧ್ಯಾಹ್ನ ಮೀಟಿಂಗ್. ನಮ್ಮ ಶಿಕ್ಷಣ ಸಂಸ್ಥೆ ಹಳೆಯ ಕಂಪನಿಯ ಆಪ್ ತೊರೆದು ಹೊಸದೊಂದು ಜಾಲತಾಣಕ್ಕೆ ಹೋಗುತ್ತದಂತೆ. ಅಲ್ಲಿ ಪಾಠ ಹಾಕಿದರೆ ಮೇಷ್ಟ್ರುಗಳಿಗೆ ತಲುಪುವುದೇ ಇಲ್ಲ, ನಡುವೆ ಸಾಬೂನಿನ ಜಾಹೀರಾತು. ಹೊಸ ಜಾಗದಲ್ಲಿ ಒಬ್ಬನೇ ಯಜಮಾನ ಅಂತಿಲ್ಲ. ಒಂದೊಂದು ಸಂಸ್ಥೆಗೂ ಸ್ವಂತ ಸರ್ವರ್ — ಅಂದರೆ ಸ್ವಂತ ಮನೆ. ಮನೆಯಿಂದ ಮನೆಗೆ ಮಾತು. ಯಾರನ್ನು ಒಳಗೆ ಬಿಡಬೇಕು ಎಂಬುದು ಆಯಾ ಮನೆಯವರ ಇಷ್ಟ.

ಹಟ ಹಿಡಿದು ಒಪ್ಪಿಸಿದವಳು ಪುಟ್ಟಿ, ನನ್ನ ಅಕ್ಕನ ಮಗಳು. ಡೈರೆಕ್ಟರ್ ಮೇಡಂ ಷರತ್ತು ಹಾಕಿದರು. ಸೆಪ್ಟೆಂಬರ್ ತನಕ ನೋಡುವುದು. ಮೇಷ್ಟ್ರುಗಳು ಬರದಿದ್ದರೆ ಹಳೆಯ ಆಪಿಗೇ ವಾಪಸ್. ಪುಟ್ಟಿಯ ಕೆಲಸವೂ ಅಲ್ಲಿಗೆ ಮುಗಿದ ಹಾಗೆ.

ಜೂನ್ 19

ಬಂದರು! ಹಳ್ಳಿ ಶಾಲೆಗಳ ಮೇಷ್ಟ್ರುಗಳ ಸಂಘಕ್ಕೆ ಮೊದಲೇ ತಮ್ಮದೊಂದು ಸರ್ವರ್ ಇತ್ತು. ನಮ್ಮನ್ನು ಫಾಲೋ ಮಾಡುವವರಲ್ಲಿ ಮುಕ್ಕಾಲು ಪಾಲು ಅಲ್ಲಿಯವರೇ. ಪುಟ್ಟಿ ಊಟ ಮಾಡುವಾಗಲೂ ಒಬ್ಬಳೇ ನಗುತ್ತಾಳೆ.

ನನ್ನನ್ನು ಮಾಡರೇಟರ್ ಮಾಡಿದಳು. ಬೈಗುಳ, ಕಚ್ಚಾಟ ಕಂಡರೆ ತೆಗೆಯುವ ಕೆಲಸ. "ಹೇಗೂ ಎಲ್ಲರದ್ದೂ ಓದ್ತಾ ಕೂತಿರ್ತೀರಲ್ಲ ಮಾವ, ಅಧಿಕಾರ ಇಟ್ಕೊಂಡೇ ಓದಿ" ಅಂದಳು. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ. ಎಂ.ಎ. ಮಾಡಿದವರ ಬಾಯಿ ಮುಚ್ಚಿಸುವ ಗುಂಡಿ ಈಗ ನನ್ನ ಫೋನಿನಲ್ಲಿ. ಇದಕ್ಕೆಲ್ಲ ಯೋಗ ಬೇಕು.

ಜುಲೈ 8

ನನಗೂ ಒಂದು ಖಾತೆ. ಹೆಸರು ಸ್ಟೋರ್ ಮಾವ. ಪ್ರಾಯದಲ್ಲಿ ಮರದ ಬೀರು ಹೊತ್ತುಕೊಂಡು ತುಂಬಿದ ಹೊಳೆ ಈಜಿದ ಪ್ರಸಂಗ ಬರೆದೆ. ಜನ ಮುಗಿಬಿದ್ದು ಓದಿದರು. ಸಂಘದ ಕಡೆಯ ಗಣಿತದ ಮೇಷ್ಟ್ರೊಬ್ಬರು, ರಿಟೈರಾದವರು, ಬೀರುವಿನ ತೂಕ, ನೀರಿನ ಸೆಳವು ಎಲ್ಲ ಲೆಕ್ಕ ಹಾಕಿ ಕೆಳಗೆ ಕೇಳಿದರು: "ಮಾವ, ನೀವು ಬೀರುನ ದಾಟಿಸಿದ್ರೋ, ಬೀರು ನಿಮ್ಮನ್ನ ದಾಟಿಸ್ತೋ?"

ಇಡೀ ಸಂಘ ನಕ್ಕಿತು. ಇಲ್ಲಿ ಆಫೀಸಿನಲ್ಲೂ ಅಕೌಂಟೆಂಟ್ ನನ್ನ ಮುಖ ನೋಡಿ ಚಹಾ ನೆತ್ತಿಗೇರಿಸಿಕೊಂಡ.

ಅದೇ ದಿನ, ಸಂಜೆ 5

ಮೇಷ್ಟ್ರೊಬ್ಬರನ್ನೇ ಬ್ಲಾಕ್ ಮಾಡಬಹುದಿತ್ತು. ಆದರೆ ನಕ್ಕವರು ಅವರೊಬ್ಬರೇ ಅಲ್ಲವಲ್ಲ. ಸಂಘದ ಇಡೀ ಸರ್ವರಿಗೇ ಬೀಗ ಜಡಿದೆ. 'ಖಚಿತವೇ?' ಎಂದು ಫೋನು ಕೇಳಿತು. ಕೆಳಗೆ ಇನ್ನೂ ಏನೋ ಸಣ್ಣಕ್ಷರ. ಯಾರು ಓದುತ್ತಾರೆ. ಖಚಿತ ಅಂದೆ. ಎರಡು ದಿನ ಹೊರಗೆ ನಿಂತಿರಲಿ, ನಾನು ಯಾರೆಂದು ಗೊತ್ತಾಗುತ್ತದೆ.

ಜುಲೈ 11

ಬೀಗ ತೆಗೆದೆ. ನನ್ನದು ದೊಡ್ಡ ಮನಸ್ಸು.

ಜುಲೈ 30

ಮೇಷ್ಟ್ರುಗಳ ಸುಳಿವಿಲ್ಲ. ಮುನಿಸಿಕೊಂಡಿರಬೇಕು. ಪುಟ್ಟಿ ಬೆಳಕಿನ ಪಾಠ ಹಾಕಿದಳು, ಒಳ್ಳೆಯ ಚಿತ್ರಗಳು. ಯಾರೂ ತುಟಿ ಬಿಚ್ಚಲಿಲ್ಲ. ಶಾಲೆಗಳಲ್ಲಿ ಪರೀಕ್ಷೆ ಇರಬಹುದು ಅಂದಳು. ಇರಬಹುದು ಅಂದೆ.

ಆಗಸ್ಟ್ 21

ಪುಟ್ಟಿ ಅರ್ಧ ತಟ್ಟೆ ಬಿಟ್ಟು ಏಳುತ್ತಾಳೆ. ಫಾಲೋ ಮಾಡುವವರು ಕಡಿಮೆಯಾದದ್ದು ಪಾಠ ಚೆನ್ನಾಗಿಲ್ಲದ್ದಕ್ಕೇ ಎಂದು ಮತ್ತೆ ಮತ್ತೆ ತಿದ್ದುತ್ತಾಳೆ. ಮೀಟಿಂಗಿಗೆ ರಿಪೋರ್ಟ್ ಬರೆಯುತ್ತಿದ್ದಾಳೆ — ಹಳೆಯ ಆಪಿಗೇ ಹೋಗೋಣ ಅಂತ.

ಹಾಗೇ ಮಾತಿಗೆ ಅನ್ನುವಂತೆ ಕೇಳಿದೆ, ಒಂದು ಸರ್ವರಿಗೆ ಬೀಗ ಹಾಕಿ ಆಮೇಲೆ ತೆಗೆದರೆ ಏನಾಗುತ್ತದೆ?

"ಫಾಲೋ ಎಲ್ಲ ಕಡಿದುಹೋಗುತ್ತೆ. ತೆಗೆದ್ರೂ ತಾನಾಗಿ ಕೂಡಿಕೊಳ್ಳಲ್ಲ. ನಮ್ಮ ಪಾಠ ಬರ್ತಿಲ್ಲ ಅನ್ನೋದೂ ಅವರಿಗೆ ಗೊತ್ತಾಗಲ್ಲ. ಯಾಕೆ ಮಾವ?"

ಸುಮ್ಮನೆ, ತಿಳಿದಿರಲಿ ಅಂತ, ಅಂದೆ.

"ಅಷ್ಟು ದಡ್ಡ ಕೆಲಸ ಯಾರೂ ಮಾಡಲ್ಲ ಬಿಡಿ" ಅಂದಳು. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

ಸ್ಟೋರಿಗೆ ಬಂದು ಅಯಸ್ಕಾಂತ ಎಣಿಸಿದೆ. ಲೆಕ್ಕ ತಪ್ಪಿತು. ಮತ್ತೆ ಎಣಿಸಲಿಲ್ಲ.

ಸೆಪ್ಟೆಂಬರ್ 2

ಕಮಿಟಿ ಮೀಟಿಂಗ್. ಕುರ್ಚಿ ಹಾಕಿದವನು ನಾನು. ಹೊರಗೆ ಹೋಗದೆ ಬಾಗಿಲ ಬಳಿ ನಿಂತೆ.

ಪುಟ್ಟಿ ಎದ್ದು, ಮೇಷ್ಟ್ರುಗಳಿಗೆ ಇದು ಬೇಕಾಗಿರಲಿಲ್ಲ, ನನ್ನ ಅಂದಾಜು ತಪ್ಪಾಯಿತು ಅಂದಳು. ಧ್ವನಿ ನೆಟ್ಟಗಿತ್ತು.

ತಪ್ಪು ಅವಳದಲ್ಲ ಅಂದೆ. ಇಡೀ ಸಂಘವನ್ನು ಹೊರಗೆ ಹಾಕಿದವನು ನಾನು, ಒಂದೇ ಬೆರಳಿನಲ್ಲಿ.

ನಕ್ಕರು. ಮೇಡಂ ಕೂಡ. "ಹೊಳೆ ಈಜಿದ್ದೂ ನೀವೇ, ಇದನ್ನ ಮಾಡಿದ್ದೂ ನೀವೇನಾ ಮಾವ? ಸೊಸೆಗೋಸ್ಕರ ಇದೊಂದು ಹೊಸ ಕಥೆ."

ನಾನು ಹೇಳಿದ ಸುಳ್ಳನ್ನೆಲ್ಲ ಚಪ್ಪರಿಸಿಕೊಂಡು ಕೇಳಿದ ಜನ. ನಿಜ ಹೇಳಿದರೆ ಹಲ್ಲು ಕಿರಿಯುತ್ತಾರೆ.

ಫೋನು ತೆಗೆದೆ. ಮೇಡಂ ಓದಿದ ಯೂನಿವರ್ಸಿಟಿಯ ಸರ್ವರ್ ಹುಡುಕಿದೆ. ಬೀಗ ಹಾಕುವ ಗುಂಡಿಯವರೆಗೂ ಹೋಗಿ ಎಲ್ಲರಿಗೂ ಕಾಣುವಂತೆ ಹಿಡಿದೆ. ಈ ಸಲ ಸಣ್ಣಕ್ಷರವನ್ನು ಗಟ್ಟಿಯಾಗಿ ಓದಿದೆ, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ: ಎರಡೂ ಕಡೆಯ ಸಂಪರ್ಕ ಕಡಿಯುತ್ತದೆ, ಮರಳಿ ಬರುವುದಿಲ್ಲ. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು.

"ಕೈ ತೆಗೀರಿ ಮಾವ" ಅಂದರು ಮೇಡಂ. "ಮೊದಲು ಕೈ ತೆಗೀರಿ."

ನಗು ನಿಂತಿತ್ತು.

ಪುಟ್ಟಿಗೆ ವರ್ಷದ ಕೊನೆಯವರೆಗೆ ಸಮಯ ಸಿಕ್ಕಿತು. ನಾನು ಕೋಣೆ ದಾಟುವ ಮೊದಲೇ ನನ್ನ ಅಧಿಕಾರ ಹೋಯಿತು. ತೆಗೆದವಳು ಪುಟ್ಟಿಯೇ. ನನ್ನ ಕಡೆ ನೋಡಲಿಲ್ಲ.

ಸೆಪ್ಟೆಂಬರ್ 3

ಸಂಘದವರಿಗೆ ನಾನೇ ಬರೆಯಬೇಕಂತೆ. ಪುಟ್ಟಿ ಅಕೌಂಟೆಂಟ್ ಕೈಲಿ ಹೇಳಿ ಕಳಿಸಿದಳು. 'ಮಹನೀಯರೇ, ಅಧಿಕಾರವೆಂಬುದು' ಎಂದು ಶುರುಮಾಡಿ ಒಂದು ಪುಟ ಬರೆದೆ. ಮೂರು ಸಾಲು ಉಳಿಸಿ ಮಿಕ್ಕದ್ದಕ್ಕೆಲ್ಲ ಗೀಟು ಹೊಡೆದು ಕಳಿಸಿದಳು.

ನಿಮ್ಮೆಲ್ಲರಿಗೂ ಬೀಗ ಹಾಕಿದವನು ನಾನು. ನಿಮ್ಮದೇನೂ ತಪ್ಪಿಲ್ಲ. ದಯವಿಟ್ಟು ಮತ್ತೆ ಫಾಲೋ ಮಾಡಿ.

ಸಂಘದ ಖಾತೆಯ ಹೆಸರಿಗೆ ಹಾಗೇ ಕಳಿಸಿದೆ. ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ಪುಟ್ಟಿ ಪಕ್ಕದ ಕೋಣೆಯಿಂದ ಒಂದೊಂದು ಹೆಸರನ್ನೂ ಜೋರಾಗಿ ಓದಿದಳು, ನನಗೆ ಕೇಳಿಸುವಂತೆ. ನನ್ನ ಜೊತೆ ಇನ್ನೂ ಮಾತಿಲ್ಲ.

ಇಷ್ಟು ಗಿಡ್ಡ ಬರಹ ಈ ಜನ್ಮದಲ್ಲಿ ಬರೆದವನಲ್ಲ. ಅದರಲ್ಲಿ ಸುಳ್ಳೇನೂ ಇಲ್ಲ, ಒಪ್ಪುತ್ತೇನೆ. ಆದರೂ ಆ ಮೇಷ್ಟ್ರು ಅವತ್ತು ಹಾಗೆ ಕೇಳದೇ ಇದ್ದಿದ್ದರೆ ನಾನು — ಇಲ್ಲಿಂದ ಮುಂದಕ್ಕೆ ನಾನೇ ಗೀಟು ಹೊಡೆದೆ.