ಕದ್ದ ಕಣಗಲ

ಶಲವಡಿ
೨೦ ಜುಲೈ ೧೯೭೬

ಚಿ. ಸೌ. ಮುಕ್ತಾಗ ನಿನ್ನ ಸಣ್ಣಣ್ಣ ಪಾಂಡುರಂಗನ ಆಶೀರ್ವಾದ.

ನಿನ್ನ ಪತ್ರ ಬಂದು ತಿಂಗಳ ಮ್ಯಾಲಾತು. ಸೊಲ್ಲಾಪುರದಾಗ ಕೂತು ಮಾರಿ ಉಬ್ಬಿಸಿಕೊಂಡಿರ್ತೀ, ನನಗ ಗೊತ್ತದ. ಸಾಲಿ ಶುರು ಆತು, ಮಳಿ ಹಿಡೀತು ಅಂತ ನೆವಾ ಹೇಳಬಹುದು. ಖರೇ ಹೇಳಬೇಕಂದ್ರ ಒಂದು ಗಿಡದ ಬೆನ್ನ ಹತ್ತಿದ್ದೆ. ಮನ್ಯಾಗ ನಿಮ್ಮ ವೈನಿ ಸರಸ್ವತಿ ಅಂತೂ "ಹೆಡ್ ಮಾಸ್ತರು ಹುಡುಗರನ್ನ ಬಿಟ್ಟು ಕಡ್ಡಿಗೆ ಪಾಠಾ ಹೇಳಲಿಕ್ಕತ್ತಾರ" ಅಂತ ಓಣಿ ತುಂಬ ಡಂಗುರ ಸಾರ್ಯಾಳ.

ನವಲಗುಂದದ ಮನಿ ಮುಂದ ಅವ್ವ ಹಚ್ಚಿದ ಕಣಗಲ ನೆನಪದ ಅಲ್ಲಾ? ತಿಳಿ ಗುಲಾಬಿ, ಪದರು ಪದರು ಹೂವು. ಎಂಥಾ ಗಟ್ಟಿ ಗಿಡ ಅದು! ಬ್ಯಾಸಿಗ್ಯಾಗ ಕರಿ ಎರಿ ನೆಲ ಕೈ ಹೋಗೂವಷ್ಟು ಬಿರಿದ್ರೂ ಅದಕ್ಕ ಖಬರಿಲ್ಲ, ಮೈತುಂಬ ಹೂವು. ಆಡು ಸುದ್ದಾ ಮೂಸಿ ನೋಡಿ ಮುಂದ ಹೋಗ್ತಿತ್ತು. ನೀ ಜಡಿಗೆ ಮುಡಕೊಂಡು ಸಾಲಿಗೆ ಹೋಗ್ತಿದ್ದೆಲ್ಲಾ, ಅದಽ.

ಎರಡು ವರ್ಷದ ಹಿಂದ ಅದರ ಕಾಯಿ ನನಗ ಸಿಕ್ಕವು. ನಮ್ಮ ಸಾಲಿಗೆ ನೀರು ತರೋ ತಾಯವ್ವ ಅಂತ ಇದ್ದಾಳ, ಅಕಿ ಮಗಳನ್ನ ನವಲಗುಂದದಾಗ ದೊಡ್ಡಣ್ಣನ ಓಣಿಯೊಳಗ ಕೊಟ್ಟಾರ. ಗ್ವಾಡಿ ಆಚೆ ಬಿದ್ದದ್ದು ಆರಿಸಿಕೊಂಡು ಬಂದ್ಲು. ನಾ ಹೋಗಿ ಕೇಳೋ ಹಂಗಿರಲಿಲ್ಲ. ದೊಡ್ಡಣ್ಣ ವೆಂಕಣ್ಣನ ಜೋಡಿ ಮಾತು ಬಿಟ್ಟು ಎಂಟು ವರ್ಷ ಆತು, ನಿನಗ ಗೊತ್ತಽ ಅದ. ಕಾಯಿ ಒಡದ್ರ ಒಳಗ ರೇಷ್ಮಿಯಂಥಾ ಕೂದಲಿನ ಬೀಜ. ಉಸುಕು, ಬೂದಿ ಕೂಡಿಸಿ ಡಬ್ಬಿಯೊಳಗ ಬಿತ್ತಿದೆ. ಹನ್ನೊಂದು ಸಸಿ ಎದ್ದವು. ಕೂಸಿನಂಗ ಸಲಹಿದೆ. ಈ ಚೈತ್ರದಾಗ ಹೂವಾದವು ನೋಡು, ಕೆಲವು ಬಿಳೇವು, ಕೆಲವು ರಕ್ತದಂಥಾ ಕೆಂಪು, ಎಲ್ಲಾ ಒಂದಽ ಪದರಿನವು! ಅವ್ವನ ಹೂವು ಒಂದೂ ಇಲ್ಲ.

ತಾಯವ್ವ ಬಿದ್ದು ಬಿದ್ದು ನಕ್ಕಳು. "ಮಾಸ್ತರ್ರ, ಇಷ್ಟ ಓದೀರಿ, ಇದು ತಿಳೀಲಿಲ್ಲೇನ್ರಿ? ಬೀಜಕ್ಕ ಅದರದಽ ಬುದ್ಧಿ ಇರತೈತಿ. ತಾಯಿ ಹೂವಽ ಬೇಕಂದ್ರ ತಾಯಿ ಮೈಯಾಗಿನ ಕಡ್ಡಿ ಬೇಕು."

ಅಷ್ಟರಾಗ ಅಕಿನಽ ಸುದ್ದಿ ತಂದ್ಲು: ಗಟಾರ ತಗೀಲಿಕ್ಕೆ ದೊಡ್ಡಣ್ಣನ ಗ್ವಾಡಿ ಒಡೀತಾರಂತ, ದಸರಾದೊಳಗ ಗಿಡಾ ಹೋಗ್ತದಂತ. ಅವತ್ತು ನನಗ ಅನ್ನ ಸೇರಲಿಲ್ಲ.

"ಹೋಗಿ ಕೇಳ್ರಿ, ನಿಮ್ಮ ಅಣ್ಣ ಏನು ಹುಲಿ ಏನು?" ಅಂದ್ಲು ಸರಸ್ವತಿ.

ನಾ ಬಾಯಿ ಬಿಡೋದರಾಗ ತಾಯವ್ವನಽ ಅಡ್ಡ ಬಂದ್ಲು. "ಕೇಳೂದ ಬ್ಯಾಡ್ರಿ ಬಾಯಾರ. ಕೇಳಿ ತಂದ ಕಡ್ಡಿ ಬೇರು ಹಿಡಿದು ಹತ್ತಂಗಿಲ್ಲ. ಕದ್ದಽ ತರಬೇಕು."

ಮುಂದಿನ ಆಯ್ತವಾರ ಸೆರಗಿನ್ಯಾಗ ಆರು ಟೊಂಗಿ ಮುಚ್ಚಿಕೊಂಡು ಬಂದ್ಲು. ಅಕಿ ಕೈ ನೀ ನೋಡಬೇಕಿತ್ತು, ಮುಕ್ತಾ. ಗೇಣುದ್ದ ಕಡ್ಡಿ, ಗಂಟಿನ ಕೆಳಗ ಓರೆ ಕೊಯ್ತ, ತುದಿಗೆ ಎರಡು ಎಲಿ ಬಿಟ್ಟು ಉಳಿದದ್ದೆಲ್ಲಾ ಬಿಡಿಸಿದ್ಲು. ಹಾಲು ಸೋರೋದು ನಿಲ್ಲೋತನಕ ನೆರಳಾಗ ಇಟ್ಲು. "ಕೈ ತೊಳಕೊಳ್ರಿ ಮದ್ಲ, ಇದು ವಿಷ" ಅಂತ ನನ್ನನ್ನಽ ಗದರಿಸಿದ್ಲು. ಯಾವ ಸಾಲಿಯೊಳಗ ಕಲ್ತಾಳೋ! ಆದ್ರ ನಮ್ಮದು ಎರಿ ಮಣ್ಣು, ಮ್ಯಾಲೆ ಜಿಟಿಜಿಟಿ ಮಳಿ. ಬುಡಕ್ಕ ನೀರು ನಿಂತು ಆರೂ ಕೊಳತವು. ನಾ ಮಣ್ಣಿಂದು ತಪ್ಪು ಅಂದ್ರ ಅಕಿ ಒಪ್ಪಲಿಲ್ಲ.

"ಮಣ್ಣಿನ ಮಾತ ಬಿಡ್ರಿ. ಕದ್ದ ಕಡ್ಡಿ ಕಲ್ಲಾಗೂ ಹತ್ತತೈತಿ. ಹತ್ತಲಿಲ್ಲಂದ್ರ ಅದು ಕಳವಽ ಅಲ್ಲ. ನಿಮ್ಮ ಅಣ್ಣಾರು ನೋಡ್ಯಾರ, ನೋಡಿ ಸುಮ್ಕ ಕುಂತಾರ!"

ಹೋದ ಆಯ್ತವಾರ ಹೋಗಿ ದೊಡ್ಡಣ್ಣನ ಬಾಗಲದಾಗ ನಿಂತಾಳ, ಜಗಳಕ್ಕ.

"ರಾಯರ, ಅವತ್ತ ನಾ ಟೊಂಗಿ ಮುರಿಯೂದು ನೋಡಿದ್ರಿಲ್ರಿ?"

"ನೋಡಿದ್ದೆ."

"ಮತ್ತ ಬೈಲಿಲ್ಲ್ಯಾಕ? ನೋಡಿ ಬೈಲಿಲ್ಲಂದ್ರ ಕೊಟ್ಟಂಗ ಆತಲ್ರಿ! ನಿಮ್ಮಿಂದಽ ಕೊಳತು ಹೋದ್ವು."

ದೊಡ್ಡಣ್ಣ ನಕ್ಕನಂತ. ಒಳಗ ಹೋಗಿ ಒಂದು ಔಷಧದ ಶೀಷೆ ತಂದನಂತ. ಅದರ ನೀರಾಗ ಮೂರು ಕಡ್ಡಿ, ಬುಡಕ್ಕ ಬೆಳ್ಳಗಿನ ಬೇರು. "ಅವಸರದಾಗ ನೀ ಎಳೇ ತುದಿ ಮುರದಿದ್ದಿ, ಅವು ಉಳಿಯಂಗಿಲ್ಲ ಅಂತ ಗೊತ್ತಿತ್ತು. ಅವತ್ತಽ ಬಲಿತದ್ದು ಮೂರು ನೀರಿನ್ಯಾಗ ಇಟ್ಟೆ. ದಿನಾ ನೀರು ಬದಲಿ ಮಾಡೀನಿ. ಈಗ ಶೀಷೆ ಸಮೇತ ಕಟ್ಟಿ ಮ್ಯಾಲೆ ಇಟ್ಟು ಆಕಡೆ ಮಾರಿ ಮಾಡಿ ನಿಲ್ತೀನಿ, ಕದ್ದುಕೊಂಡು ಹೋಗು. ಪಾಂಡುಗ ಹೇಳಬ್ಯಾಡಾ."

ತಾಯವ್ವನ ಹೊಟ್ಟ್ಯಾಗ ಮಾತು ನಿಂತೀತೇ? ಬಸ್ ಇಳಿದಕೂಡ್ಲೇ ಎಲ್ಲಾ ಹೇಳಿದ್ಲು. ಅರವತ್ತರ ಸಮೀಪ ಬಂದಾನ ಅಂವ. ಐದು ವಾರ, ದಿನಾ ಬೆಳಿಗ್ಗೆ ಎದ್ದು ಒಂದು ಶೀಷೆ ನೀರು ಚೆಲ್ಲಿ ಹೊಸಾ ನೀರು ತುಂಬೋದು! ನನಗಾದ್ರ ಮೂರನೇ ದಿನಕ್ಕ ಮರೀತಿತ್ತು.

ಈ ಸಲ ಉಸುಕು, ಹಳೇ ಗೊಬ್ಬರಾ ಕೂಡಿಸಿ ಕುಂಡ್ಯಾಗ ಹಚ್ಚೀನಿ. ನಿನ್ನೆ ಚಿಗುರು ಕಂಡದ. ಒಂದು ನನಗ, ಒಂದು ನಿನಗ. ಮೂರನೇದು ಗಟಾರದ ಕೆಲಸ ಮುಗಿದ ಮ್ಯಾಲೆ ನವಲಗುಂದಕ್ಕ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ವಿದ್ಯಾವಂತರಾಗಲಿ, ನಿನ್ನ ಮನಿ ಅಂಗಳ ವರ್ಷಾನುಗಟ್ಟಲೆ ಹೂವು ಕಾಣಲಿ.

ನಿನ್ನ ಸಣ್ಣಣ್ಣ,
ಪಾಂಡುರಂಗ

ತಾ.ಕ.: ಇನ್ಲ್ಯಾಂಡ್ ಪತ್ರದ ಅಂಚಿನ್ಯಾಗ ಬರೀಲಿಕ್ಕತ್ತೀನಿ. ಜಾಗಾ ಕಡಿಮಿ ಇರೂದ ಛಲೋ, ಬಣ್ಣಾ ಹಚ್ಚಲಿಕ್ಕೆ ಬರೂದಿಲ್ಲ. ಅವ್ವನ ತಿಥಿ ದಿನ ಬಸ್ ತಪ್ಪಿ ನಾ ತಡಾ ಆಗಿ ಹೋದೆ, ದೊಡ್ಡಣ್ಣ ಪಿಂಡಾ ಇಟ್ಟು ಮುಗಿಸಿದ್ದ. "ತಡಾ ಮಾಡಿ ಬಂದವಗ ಈ ಮನ್ಯಾಗ ನೀರಿಲ್ಲ" ಅಂತ ಅಂವ ಅಂದಾ ಅಂತ ನಿನಗ ಬರದಿದ್ದೆ. ಆ ಸಿಟ್ಟಿಗೆ ನೀನೂ ಎಂಟು ಪಂಚಮಿ ತವರಿಗೆ ಬರಲಿಲ್ಲ. ಅಂವ ಹಂಗ ಅಂದಿಲ್ಲ, ಮುಕ್ತಾ. ಕಾಲಿಗೆ ನೀರು ಕೊಡಲಿಕ್ಕೆ ತಂಬಿಗಿ ಹಿಡಕೊಂಡು ಅಂಗಳಕ್ಕ ಬಂದಿದ್ದ. ಅದನ್ನ ಒದ್ದವ ನಾನು. "ನಿನ್ನ ಮನಿ ನೀರು ಮುಟ್ಟಂಗಿಲ್ಲ" ಅಂದವನೂ ನಾನಽ.

ಅವನ ಮನಿ ನೀರು ಶೀಷೆಯೊಳಗ ಇನ್ನೂ ಅರ್ಧ ಅದ. ಕಣಗಲದ್ದು, ಕುಡೀಲಿಕ್ಕೆ ಬರೂದಿಲ್ಲ; ಚೆಲ್ಲಲಿಕ್ಕೆ ಕೈ ಬರವಲ್ದು. ಪಂಚಮಿಗೆ ಬಾ. ನವಲಗುಂದದ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ, ಬಯ್ಯೋದೆಲ್ಲಾ ಅಲ್ಲೇ ಬೈದು ಮುಗಿಸು. ಆಮ್ಯಾಲೆ ನನ್ನ ಕೈ ಹಿಡಕೊಂಡು ಮನಿತನಕಾ ನಡಿ. ನನಗ ಒಬ್ಬವಗ ಆ ಅಂಗಳ ದಾಟಲಿಕ್ಕೆ ಆಗೂದಿಲ್ಲ.