ಸೊಳ್ಳೆ ಕೊಲ್ಲದೆ ಬಿಟ್ಟ ರೋಗಾಣು

ಸೊಳ್ಳೆಗಳ ಮೇಲೆ ಅಪಾರ ಭರವಸೆಯಿಟ್ಟ ಮಾನ್ಯ ಮಲೇರಿಯಾ ಅಧಿಕಾರಿಗಳೇ,

ತಾವು ಅರ್ಧ ವಿಜ್ಞಾನ ಹೇಳಿ ಹೋದಿರಿ. ಅದನ್ನು ಪೂರ್ತಿ ನಂಬಿದ ಮನೆಯಲ್ಲಿ ಒಂದು ಕೂಸು ಹುಟ್ಟುವ ಮೊದಲೇ ಹೋಯಿತು. ಅದಕ್ಕೇ ಈ ಪತ್ರ.

ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. 2005ರ ಶ್ರಾವಣದಲ್ಲಿ ಕರ್ಜಗಿಗೆ ತಂಗಿ ದೀಪಿಕಾಳನ್ನು ನೋಡಲು ಹೋದ ದಿನವೇ ಅಲ್ಲಿ ತಮ್ಮ ಸಭೆಯಿತ್ತು. ತಂಗಿ ಬಸುರಿ, ದಿನ ಬಿಟ್ಟು ದಿನ ಚಳಿಜ್ವರ. ಅವಳ ಅತ್ತೆ ಉಡಚವ್ವ ಜನರ ನಡುವೆ ಎದ್ದು ನಿಂತರು.

“ಸಾಹೇಬ್ರ, ನಮ್ಮ ಸೊಸಿ ಥಂಡಿ ಹತ್ತಿ ಗಡಗಡ ನಡಗಾಕತ್ತಾಳ್ರಿ. ರಕ್ತಾ ತಗೊಂಡ ಹೋದವರು ಏನಂತ ಹೇಳವಲ್ರು.”

ತಾವು ನಕ್ಕಿರಿ. “ಹೆದರಬೇಡಿ ಅಜ್ಜಿ. ಹೊಸ ಸಂಶೋಧನೆ ಬಂದಿದೆ. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ದೇಹವೇ ಕೊಂದುಹಾಕುತ್ತದೆ. ಇದು ಸಾದಾ ಜ್ವರ.”

ಎಂಥ ವಿದ್ವತ್ತು! ನಿಜ, ಸೊಳ್ಳೆಗೂ ತನ್ನದೇ ರಕ್ಷಣೆಯಿದೆ. ಹೀರಿದ ರಕ್ತದೊಡನೆ ಒಳಬಂದ ರೋಗಾಣುವನ್ನು ಅದರ ದೇಹ ಗುರುತಿಸುತ್ತದೆ, ಸಿಗಿದು ಹಾಕುತ್ತದೆ, ಕೆಲವೊಮ್ಮೆ ಕಪ್ಪು ಕವಚ ಕಟ್ಟಿ ಮುಗಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ವಿರುದ್ಧ ಎದ್ದ ಸೇನೆಯೇ ಇವುಗಳ ಮೇಲೂ ಬೀಳುತ್ತದೆ. ಬಹುಪಾಲು ಸಾಯುತ್ತವೆ. ಆದರೆ ತಪ್ಪಿಸಿಕೊಂಡ ಒಂದೆರಡು ಕರುಳಿನ ಗೋಡೆಯಲ್ಲಿ ಗಂಟುಕಟ್ಟಿ, ಸಾವಿರಾರಾಗಿ ಒಡೆದು, ಸೊಳ್ಳೆಯ ಜೊಲ್ಲಿಗೆ ಬಂದು, ಅದು ಕಚ್ಚಿದವರ ಮೈಗೆ ಇಳಿಯುತ್ತವೆ. ಈ ಉಳಿದರ್ಧ ತಮ್ಮ ನಾಲಗೆಗೆ ಭಾರವಾಯಿತೇ? ಸೊಳ್ಳೆ ಹೋರಾಡುವುದು ತನ್ನ ಜೀವಕ್ಕಾಗಿ ಸ್ವಾಮಿ. ತಮ್ಮ ಇಲಾಖೆಯ ನೌಕರಿಗೆ ಅದು ಯಾವಾಗ ಸೇರಿತು?

ಇದನ್ನೇ ಹೇಳಲು ಎದ್ದೆ. “ಪ್ರಶ್ನೆಗಳು ಆಮೇಲೆ” ಎಂದಿರಿ. ಆಮೇಲೆ ಜೀಪು ಹೊರಟಿತು.

“ಅತ್ತಿ, ಈಗ ಹಾವೇರಿಗೆ ಕರಕೊಂಡ ಹೋಗತೀನ್ರಿ” ಎಂದು ಗೋಗರೆದೆ.

“ಸಾಹೇಬ್ರು ಏನೂ ಆಗೂದಿಲ್ಲ ಅಂದಾರ. ಬಸುರಿನ್ನ ಬಸ್ಸಿನ್ಯಾಗ ಕುಲುಕಾಡಿಸಬ್ಯಾಡ ತಮ್ಮಾ” ಎಂದರು ಉಡಚವ್ವ. ನಾನು ಬಸ್ಸಿನಲ್ಲಿ ಬಂದ ಮಾಸ್ತರ. ತಾವು ಜೀಪಿನಲ್ಲಿ ಬಂದ ಸರ್ಕಾರ. ಯಾರ ಮಾತು ನಡೆಯಬೇಕು?

ಮುಂದಿನ ವಾರ ದೀಪಿಕಾಳಿಗೆ ಎಚ್ಚರ ತಪ್ಪಿತು. ಗಂಡ ಹುಲಿಗೇಶ ಅವಳನ್ನು ಹೊತ್ತುಕೊಂಡೇ ಹಾವೇರಿಯ ಆಸ್ಪತ್ರೆಯೊಳಗೆ ಬಂದ. ಅಲ್ಲಿನ ವೈದ್ಯರು ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮಲೇರಿಯಾ ಎಂದರು. ತಂಗಿ ಉಳಿದಳು. ಕೂಸು ಉಳಿಯಲಿಲ್ಲ. ಕರ್ಜಗಿಯಲ್ಲಿ ತೆಗೆದುಕೊಂಡು ಹೋದ ರಕ್ತದ ಫಲಿತಾಂಶ ಇಂದಿಗೂ ಬಂದಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಉಡಚವ್ವ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದರು. “ನಾನ ಬ್ಯಾಡ ಅಂದ್ನಿ. ನಾನ ತಿಂದ್ನೆಪಾ ಆ ಕೂಸನ್ನ.” ಅಂದಿನಿಂದ ಅವರು ಸೊಸೆಯ ಮುಖ ನೋಡಿ ಮಾತಾಡಿಲ್ಲ. “ಹೋಗ್ಲಿ ಬಿಡ್ರಿ ಅತ್ತಿ, ಉಣ್ಣಬರ್ರಿ” ಎಂದು ದೀಪಿಕಾಳೇ ಕೈಹಿಡಿದು ಕರೆದರೂ ತಲೆ ಎತ್ತುವುದಿಲ್ಲ.

ನನಗೆ ಪರಿಹಾರ ಬೇಡ. ಹಳ್ಳಿಗಳಲ್ಲಿ ತೆಗೆದ ರಕ್ತವನ್ನು ರೋಗಿ ಬದುಕಿರುವಾಗಲೇ ಪರೀಕ್ಷಿಸಿ. ಮತ್ತು ಒಮ್ಮೆ ಕರ್ಜಗಿಗೆ ಬಂದು, ಆ ಮುದುಕಿಯ ಎದುರು ನಿಂತು, ತಪ್ಪು ಅವರದಲ್ಲ, ತಮ್ಮದು ಎಂದು ನಾಲ್ಕು ಜನರ ಮುಂದೆ ಹೇಳಿ.

ಇಂತಿ,
ಸೋದರಮಾವನಾಗಬೇಕಿದ್ದ
ಸುಭಾಷ
ರಾಣೆಬೆನ್ನೂರು